ಬಿಳಿ ಕಲ್ಲಿನ ಆಚೆ

ಗುಡ್ಡದೂರಿನ ಹುಡುಗಿ ಇತ್ತೊ ಚಹಾದ ಗ್ಲಾಸುಗಳನ್ನು ಒಂದಕ್ಕೊಂದು ತಾಗದಂತೆ ತೊಳೆಯುತ್ತಿದ್ದಳು. ಅಜ್ಜಿಯ ಬೆನ್ನಿಗೆ ಕಟ್ಟಿದ್ದ ತಮ್ಮ ಆಗಷ್ಟೇ ಕಣ್ಣು ಮುಚ್ಚಿದ್ದ. ಟಣ್ ಎಂದರೆ ಸಾಕು, ಊರನ್ನೇ ಎಬ್ಬಿಸುವವನು ಅವನು.

ಗುಡ್ಡದ ಕಡೆಯಿಂದ ಸೈರನ್ ಊಳಿಟ್ಟಿತು. ತಮ್ಮ ಬೆಚ್ಚಿ ಚೀರಿದ.

"ಹಾಳಾದ್ದು! ಆ ಕಂಪನಿಯವರಿಗೆ ಹೊತ್ತುಗೊತ್ತಿಲ್ಲ," ಅಜ್ಜಿ ಗೊಣಗಿದಳು.

ಇತ್ತೊಗೆ ಶಾಲೆಗೆ ಬಂದಿದ್ದ ಕಂಪನಿಯವನ ಮಾತು ನೆನಪಾಯಿತು. ಗಾಳಿಯಿಂದ ಕರೆಂಟ್ ಮಾಡುವ ಗೋಪುರಗಳಿಗೆ ಗುಡ್ಡದ ಮೇಲೆ ರಸ್ತೆ ಬೇಕು. ಅದಕ್ಕೆ ಬಂಡೆ ಸಿಡಿಸುತ್ತಾರೆ. ಎರಡನೇ ಸೈರನ್ ಮುಗಿದ ಕೂಡಲೇ ಸಿಡಿತ. "ಬಿಳಿ ಬಣ್ಣದ ಕಲ್ಲು ಇಟ್ಟಿರ್ತೀವಿ, ದಾಟಬೇಡಿ," ಎಂದು ಅವನು ಊರಿನ ಮಾತಲ್ಲದ ಅರಬ್ಬಿಯಲ್ಲಿ ಹೇಳಿದ್ದ.

"ಅಜ್ಜಿ, ಅಮ್ಮ ಹುಲ್ಲಿಗೆ ಎಲ್ಲಿಗೆ ಹೋದ್ಳು?"

"ಮೇಲಿನ ಹುಲ್ಲುಗಾವಲಿಗೆ. ಇವತ್ತು ಕಾವಲು ತೆರೆಯೋ ದಿನ ಅಲ್ವೇನೇ?"

"ಅಲ್ಲಿ ಬಿಳಿ ಕಲ್ಲಿದೆ!"

"ಇರತ್ತೆ. ಹುಲ್ಲು ಬಲಿಯೋವರೆಗೆ ಯಾರೂ ದಾಟಬಾರದು ಅಂತ ನಮ್ಮೋರೇ ಸುಣ್ಣ ಬಳಿದು ಇಟ್ಟಿದ್ದು. ಹಿರಿಯರು ನಿನ್ನೆ ಸಾರಿದ್ರಲ್ಲ, ಕಾವಲು ತೆರೀತು ಅಂತ. ಇನ್ನು ಅದು ಬರೀ ಕಲ್ಲು. ಅವಳ ಜೊತೆ ಹೋದ ಕತ್ತೇನೂ ದಾಟತ್ತೆ."

ಇತ್ತೊ ಗ್ಲಾಸನ್ನು ಅಲ್ಲೇ ಬಿಟ್ಟಳು. ಒದ್ದೆ ಕೈಯಲ್ಲೇ ಓಡಿದಳು.

ಏರುಹಾದಿಯಲ್ಲಿ ಒಂದು ಚಪ್ಪಲಿ ಕಳಚಿತು. ನಿಲ್ಲಲಿಲ್ಲ. ಕಿವಿಯೊಳಗೆಲ್ಲ ಎದೆಬಡಿತವೇ. ಎರಡನೇ ಸೈರನ್ ಆಗಲೇ ಕೂಗಿಬಿಟ್ಟಿದ್ದರೆ?

ಕಲ್ಲುಗಳ ಹತ್ತಿರ ಕಂಪನಿಯ ಗಾರ್ಡ್ ಅಡ್ಡ ಬಂದ.

"ಏ ಹುಡುಗಿ, ಎಲ್ಲಿಗೆ?"

"ಮಾಮ, ಒಳಗೆ ಅಮ್ಮ ಇದ್ದಾಳೆ!" ಶಾಲೆಯಲ್ಲಿ ಕಲಿತ ಅರಬ್ಬಿ ತಡವರಿಸಿತು.

"ಒಳಗೆ ನೊಣಾನೂ ಇಲ್ಲ. ನಿಮ್ಮಮ್ಮಂಗೆ ಬಿಳಿ ಕಲ್ಲು ಕಾಣಲ್ವಾ?"

"ಕಂಡಿದೆ! ಇವತ್ತು ದಾಟಬಹುದು ಅಂತಾನೇ ಹೋಗಿದ್ದಾಳೆ!"

"ತಲೆ ನೆಟ್ಟಗಿದೆಯಾ ನಿಂಗೆ?"

ಅಷ್ಟರಲ್ಲಿ ಮೇಲಿನಿಂದ ಕತ್ತೆ ಅರಚಿತು. ಗಾರ್ಡ್‌ನ ಮುಖ ಬಿಳಿಚಿಕೊಂಡಿತು. ವಾಕಿಟಾಕಿ ಬಾಯಿಗೆ ಒತ್ತಿಕೊಂಡ. "ನಿಲ್ಸಿ! ಸಿಡಿಸಬೇಡಿ! ಒಳಗೆ ಜನ ಇದ್ದಾರೆ!"

ಅದು ಬರೀ ಕರಕರ ಎಂದಿತು.

ಎರಡನೇ ಸೈರನ್ ಶುರುವಾಯಿತು. ಇತ್ತೊ ಕುಕ್ಕರಿಸಿ ಕಿವಿ ಮುಚ್ಚಿಕೊಂಡಳು. ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ.

ಸೈರನ್ ನಡುವೆಯೇ ತುಂಡಾಯಿತು. ಸಿಡಿತ ಕೇಳಲಿಲ್ಲ, ಗಾಳಿಯ ಸದ್ದೊಂದೇ.

ಬಹಳ ಹೊತ್ತಾದ ಮೇಲೆ ಪೊದೆಗಳ ನಡುವಿನಿಂದ ಒಂದು ದೊಡ್ಡ ಹುಲ್ಲುಹೊರೆ ನಡೆದುಬಂತು. ಹೊರೆಯ ಕೆಳಗೆ ಅಮ್ಮ, ಹಿಂದೆ ಕತ್ತೆ.

"ಏನೇ? ಪಾಪು ಎದ್ದನಾ?"

ಇತ್ತೊ ಅಮ್ಮನ ಸೊಂಟ ತಬ್ಬಿದಳು.

ಜೀಪು ಬಂತು. ಎಂಜಿನಿಯರ್ ಇಳಿಯುವಾಗಲೇ ರೇಗಿದ. "ಶಾಲೇಲಿ ಹೇಳಿದ್ದೀವಲ್ಲ! ಆದ್ರೂ ದಾಟಿದ್ರೆ ನಾವೇನು ಮಾಡೋದು?"

"ಏನಂತಾನೆ ಇವನು?" ಅಮ್ಮನಿಗೆ ಅರಬ್ಬಿ ಬಾರದು. "ಊಟಕ್ಕೆ ಕರೀತಿದ್ದಾನಾ?"

ಇತ್ತೊ ನಗಲಿಲ್ಲ. ಕಲ್ಲುಗಳ ಸಾಲನ್ನೇ ನೋಡಿದಳು. ಯಾವುದು ಊರಿನ ಸುಣ್ಣ, ಯಾವುದು ಕಂಪನಿಯ ಬಣ್ಣ, ಅವಳಿಗೂ ತಿಳಿಯಲಿಲ್ಲ. ಶಾಲೆಗೆ ಬಂದವನು ಸುಳ್ಳು ಹೇಳಿರಲಿಲ್ಲ. ಹಿರಿಯರೂ ಸುಳ್ಳು ಸಾರಿರಲಿಲ್ಲ. ಈ ಜೀಪು ದಿನಾ ಅವರ ಮನೆ ಮುಂದೆಯೇ ಹೋಗುತ್ತಿತ್ತು. ಒಮ್ಮೆಯೂ ನಿಂತಿರಲಿಲ್ಲ.

"ಸಾರ್," ಎಂದಳು. "ನಾಳೆ ಸಿಡಿಸೋಕೆ ಮುಂಚೆ ನಮ್ಮನೆಗೆ ಬಂದು, ಅಮ್ಮ ಇದ್ದಾಳಾ ಅಂತ ಒಂದ್ಸಲ ಕೇಳ್ತೀರಾ?"

ಗಾರ್ಡ್ ಎಂಜಿನಿಯರ್‌ನ ಕಡೆ ನೋಡಿದ. ಎಂಜಿನಿಯರ್ ಗುಡ್ಡದ ಕಡೆ ನೋಡುತ್ತಿದ್ದ.