ಬೆರಳಿಲ್ಲದ ಅಕ್ಷರಗಳು

"ಯಾರಮ್ಮಾ ಅದು?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಅದು ಕಿವಿಯಕ್ಕನಿಗೂ ಗೊತ್ತಿತ್ತು. ಕಣ್ಣು ಕಾಣದಿದ್ದರೂ ಮೆಟ್ಟಿಲ ಸದ್ದಿನಲ್ಲೇ ಮನೆಯ ಹೆಂಗಸರನ್ನೆಲ್ಲ ಗುರುತು ಹಿಡಿಯುವವಳು. ಅದಕ್ಕೇ ಆ ಹೆಸರು. ಗಂಡಂದಿರ ಹೊಡೆತ ತಾಳದೆ ಓಡಿಬಂದವರಿಗೆ ಅಡಗಿರಲು ಜಾಗ ಕೊಡುವ ಆ ಮನೆಯ ಪತ್ರವ್ಯವಹಾರವೆಲ್ಲ ಅವಳದು. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಈಗಲೂ ಓದುತ್ತಿತ್ತು. ಆದರೆ ಅವಳ ಕೈಗಳೆರಡೂ ಮಡಿಲಲ್ಲಿದ್ದವು.

ಒಂದೊಂದೇ ಅಕ್ಷರವಾಗಿ ಅದು ಒಂದು ಹೆಸರನ್ನು ಕೂಡಿಸಿತು. ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವಳ ಹೆಸರು. ಆಮೇಲೆ "ಹುಡುಕು" ಎಂದಿತು.

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ದೂರು ಬಂತು. ಸ್ವಲ್ಪ ಹೊತ್ತಿಗೆಲ್ಲ ಇನ್ಸ್‌ಪೆಕ್ಟರ್ ಮೇಡಂ ಸಮವಸ್ತ್ರವಿಲ್ಲದೆ ಹಿತ್ತಿಲ ಬಾಗಿಲಿನಿಂದ ಒಳಬಂದರು. ಜೊತೆಗೆ ಸೈಬರ್ ವಿಭಾಗದ ಒಬ್ಬ ಪೇದೆ.

"ಭೂತ ಅಂದ್ಕೊಂಡೆ ಮೇಡಂ."

"ಭೂತ ಆಗಿದ್ರೆ ಎಫ್‌ಐಆರ್ ಬರೆಯೋ ಕೆಲಸ ತಪ್ತಿತ್ತು. ಕಂಪ್ಯೂಟರ್ ಆರಿಸಿದ್ರಾ?"

"ಇಲ್ಲ. ಮುಟ್ಟೋಕೇ ಧೈರ್ಯ ಬರ್ಲಿಲ್ಲ."

"ಒಳ್ಳೇದಾಯ್ತು."

ಪೇದೆ ಪರದೆಗೆ ಮೂಗು ತಾಗಿಸಿ ನೋಡಿದ. "ಬ್ರೌಸರ್ ತುಂಬ ಹಳೇದು ಮೇಡಂ. ಅಪ್‌ಡೇಟೇ ಆಗಿಲ್ಲ."

"ಯಾಕಕ್ಕಾ?"

"ಹೊಸದು ಹಾಕಿದಾಗ ಓದೋ ದನಿ ನಿಂತುಹೋಯ್ತು. ಅದಿಲ್ದಿದ್ರೆ ನಾನು ನಿಜವಾಗ್ಲೂ ಕುರುಡಿ. ಹಳೇದನ್ನೇ ವಾಪಸ್ ಹಾಕಿಸ್ಕೊಂಡೆ."

ಆ ಹಳೆಯ ಬ್ರೌಸರ್‌ನಲ್ಲಿ ಒಂದು ದೋಷವಿತ್ತು. ಅದನ್ನು ಬಲ್ಲವನು ಹೆಣೆದಿಟ್ಟ ಪುಟವನ್ನು ತೆರೆದರೆ ಸಾಕು, ಏನನ್ನೂ ಒತ್ತದೆಯೂ ಅವನು ಒಳಗೆ ಬರಬಹುದು. ಬಂದವನು ಕಣ್ಣಿಗೆ ಕಾಣದಷ್ಟು ಸಣ್ಣ ಕಿಟಕಿ ತೆರೆದುಕೊಂಡು ಹುಡುಕುತ್ತಿದ್ದ. ಕಣ್ಣಿದ್ದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಓದುವ ದನಿಗೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ.

"ನಿನ್ನೆ ಏನಾದ್ರೂ ಲಿಂಕ್ ತೆರೆದ್ರಾ?"

"ಒಬ್ಬಳು ಬರೆದಿದ್ಲು. ಕೊಂದುಹಾಕ್ತಾನೆ, ಕಾಪಾಡಿ, ನನ್ನ ವಿವರ ಎಲ್ಲ ಇಲ್ಲಿದೆ ಅಂತ. ತೆರೀದೆ ಹೇಗಿರ್ಲಿ ಮೇಡಂ?"

ಹೆಸರು ಗೊತ್ತಾದ ಮೇಲೆ, ಹುಡುಕುವವನು ಯಾರೆಂದು ಕೇಳಬೇಕಾಗಿರಲಿಲ್ಲ. ಹೊಲಿಗೆಯವಳ ಗಂಡನದು ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿಗೆ ಹೋದ ಪೇದೆಗಳಿಗೆ ಕಂಡದ್ದು ಎಳೆದ ಶಟರ್ ಮಾತ್ರ. ಈ ಮನೆಯ ಪತ್ರಗಳಲ್ಲಿ ಯಾರ ನಿಜ ಹೆಸರೂ ಇರಲಿಲ್ಲ, ಸರಿ; ಆದರೆ ಪಟ್ಟುಹಿಡಿದು ಜಾಲಾಡಿದರೆ ಮನೆಯ ವಿಳಾಸ ಸಂಜೆಯೊಳಗೆ ಅವನಿಗೆ ಸಿಕ್ಕೇ ಸಿಗುತ್ತಿತ್ತು.

"ಅಕ್ಕಾ, ಈಗೊಂದು ಪತ್ರ ಟೈಪ್ ಮಾಡ್ಬೇಕು. ಅವನು ಓದೋ ಹಾಗೆ."

"ಅವನು ಒಳಗಿದ್ದಾಗ್ಲೇ?"

"ಅವನು ಒಳಗಿದ್ದಾಗ್ಲೇ."

ಹೊಲಿಗೆಯವಳನ್ನು ಇಂದು ಮಧ್ಯಾಹ್ನ ಬೇರೆ ಕಡೆ ಕಳಿಸುತ್ತಿದ್ದೇವೆ ಎಂದು, ಅವಳ ನಿಜ ಹೆಸರು ಹಾಕಿ, ಒಂದು ಖಾಲಿ ಮನೆಯ ವಿಳಾಸ ಕೊಟ್ಟು ಬರೆಯಬೇಕಿತ್ತು. ಕಿವಿಯಕ್ಕನ ಬೆರಳುಗಳು ಮರಗಟ್ಟಿದ್ದವು. ತಪ್ಪು ಅಕ್ಷರ ಬಿತ್ತು, ಅಳಿಸಿದಳು, ಮತ್ತೆ ಬಿತ್ತು. ದೇವರನ್ನು ನೆನೆಯುತ್ತ ಹೇಗೋ ಮುಗಿಸಿದಳು.

ಮೇಲೆ ಹೊಲಿಗೆ ಯಂತ್ರ ನಿಂತಿತ್ತು. ಆಮೇಲೆ ಆ ದನಿ ಅವಳದೇ ವಾಕ್ಯವನ್ನು, ಅವಳು ಕೇಳದೆಯೇ, ಮೊದಲಿನಿಂದ ಓದತೊಡಗಿತು. ವಿಳಾಸದ ಹತ್ತಿರ ತಡೆಯಿತು. ಇನ್ನೊಮ್ಮೆ ಓದಿತು.

"ನಕಲಿಸಲಾಗಿದೆ."

ಕಿವಿಯಕ್ಕ ತನ್ನ ಕತ್ತಲಲ್ಲಿ ತಡಕಾಡಿ ಮೇಡಂ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಮೂರು ನಲವತ್ತಕ್ಕೆ ಖಾಲಿ ಮನೆಯ ಹೊಸ್ತಿಲಲ್ಲೇ ಅವನನ್ನು ಬಂಧಿಸಿದರು. ಪಂಚರ ಮುಂದೆ ಚೀಲ ಬಿಚ್ಚಿಸಿ ಪಂಚನಾಮೆ ಬರೆದರು: ಲ್ಯಾಪ್‌ಟಾಪ್, ಒಂದು ಜೊತೆ ಹೆಂಗಸರ ಚಪ್ಪಲಿ, ಒಂದು ಹೊಸ ಬೀಗ.

"ಚಪ್ಪಲಿ ಯಾಕೆ?"

"ಬರಿಗಾಲಲ್ಲಿ ಹೋಗಿದ್ಲು ಮೇಡಂ. ಕಾಲು ನೋಯಲ್ವಾ?"

"ಬೀಗ?"

ಅವನು ಚಪ್ಪಲಿಯನ್ನೇ ನೋಡುತ್ತಿದ್ದ.

ಮದುವೆಯಾದಂದಿನಿಂದ ಅವಳು ಎಲ್ಲಿ ನಿಂತಳು, ಯಾರ ಜೊತೆ ಮಾತಾಡಿದಳು ಎಂಬುದೆಲ್ಲ ಅವನ ಫೋನಿಗೆ ಬರುತ್ತಿತ್ತಂತೆ. ಅವಳು ತನ್ನ ಫೋನನ್ನು ಮನೆಯಲ್ಲೇ ಬಿಟ್ಟು ಹೊರಟುಹೋದ ದಿನದಿಂದ ಅವನಿಗೆ ಅನ್ನ ಸೇರಲಿಲ್ಲವಂತೆ. ಅದನ್ನು ಅವನು ಪ್ರೀತಿ ಎಂದ. ಮೇಡಂ ಹೇಳಿಕೆಯಲ್ಲಿ ಹಾಗೆಯೇ ಬರೆಸಿದರು.

ಠಾಣೆಯಿಂದ ಫೋನ್ ಬಂದಾಗ ಹೊಲಿಗೆಯವಳು ಕಿವಿಯಕ್ಕನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

"ಸಿಕ್ಕಿದಾನಮ್ಮಾ," ಎಂದರು ಮೇಡಂ. "ನಿಮ್ ಹತ್ರ ಒಂದೇ ಒಂದು ಮಾತಾಡ್ಬೇಕು ಅಂತ ಕಾಲು ಹಿಡೀತಿದ್ದಾನೆ. ಒಪ್ಪಲೇಬೇಕು ಅಂತೇನಿಲ್ಲ. ನಿಮ್ಮಿಷ್ಟ."

ಆ ತುದಿಯಲ್ಲಿ ಗಂಡಸೊಬ್ಬನ ಅಳು ಕೇಳಿಸುತ್ತಿತ್ತು. ಈ ತುದಿಯಲ್ಲಿ ಅವಳ ಉಸಿರು ಏರಿತು, ಇಳಿಯಿತು, ಮತ್ತೆ ಏರಿತು. ಎಲ್ಲಿ ಒಪ್ಪಿಬಿಡುತ್ತಾಳೋ ಎಂದು ಕಿವಿಯಕ್ಕ ಹೆದರಿದಳು.

"ಇಲ್ಲ," ಎಂದಳು ಹೊಲಿಗೆಯವಳು. "ಮಾತಾಡಲ್ಲ."