ಕಾಯಂ ಕಪಾಟಿನ ಕೊನೆಯ ಜಾಗ

"ಇನ್ನೊಂದು ಸಲ ಓದ್ತೀರಾ?" ಎಂದ ವಿಮರ್ಶಕ.

ಗ್ರಂಥಪಾಲಕಿ ಪುಸ್ತಕವನ್ನು ಮೇಜಿನ ಮೇಲೆ ಕೊಂಚ ಜೋರಾಗಿಯೇ ಇಟ್ಟಳು. ಪ್ರತಿ ವಾರ ಅದೇ ಮೂಲೆಯ ಕೋಣೆ, ಅದೇ ಕೊನೆಯ ಅಧ್ಯಾಯ, ಎದುರಿಗೆ ಅದೇ ಆಸಾಮಿ. ಗಂಟಲು ಒಣಗಿತ್ತು. ತಾಳ್ಮೆ ಅದಕ್ಕೂ ಮೊದಲೇ ಒಣಗಿತ್ತು.

ಅವಳ ಗ್ರಂಥಾಲಯದಲ್ಲಿ ಗಾಜಿನ ಬಾಗಿಲಿನ ಕಾಯಂ ಕಪಾಟೊಂದಿದೆ. ಯಾರೂ ಕೇಳದ ಪುಸ್ತಕಗಳು ವರ್ಷಕ್ಕೊಮ್ಮೆ ರದ್ದಿಗೆ ಹೋಗುತ್ತವೆ. ಆ ಕಪಾಟು ಸೇರಿದ್ದನ್ನು ಮಾತ್ರ ಯಾರೂ ಕದಲಿಸುವಂತಿಲ್ಲ. ಈಗ ಬರೆಯುತ್ತಿರುವವರಲ್ಲಿ ಮೊಮ್ಮಕ್ಕಳ ಕಾಲಕ್ಕೂ ಉಳಿಯುವವರು ಯಾರು ಎಂದು ಗ್ರಂಥಪಾಲಕಿಯೂ ಹೊರಗಿನ ವಿಮರ್ಶಕನೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ, ಇಬ್ಬರೂ ಒಪ್ಪಿ ಆರಿಸಬೇಕು. ಉಳಿದಿದ್ದದ್ದು ಒಂದೇ ಜಾಗ.

ಅವಳ ಆಯ್ಕೆ ಒಂದು ತೆಳ್ಳನೆಯ ಕಾದಂಬರಿ. ಬರೆದಾಕೆ ಅಂಚೆ ಕಚೇರಿಯ ಗುಮಾಸ್ತೆ. ಪ್ರಶಸ್ತಿ ಇಲ್ಲ, ಪ್ರಚಾರ ಇಲ್ಲ. ಇವತ್ತು ಸಂಜೆಯೊಳಗೆ ಒಪ್ಪಿಗೆ ಸಿಗದಿದ್ದರೆ ಪುಸ್ತಕ ರದ್ದಿಗೆ, ಜಾಗ ಗ್ರಂಥಾಲಯದ ಮುಖ್ಯಸ್ಥರ ಭಾವಮೈದುನನ ಆತ್ಮಕಥೆಗೆ.

ವಿಮರ್ಶಕನ ಆಯ್ಕೆ ದಿಂಬಿನಷ್ಟು ದಪ್ಪದ್ದು. ಹೋದ ವಾರ ಅದನ್ನು ತಾನೇ ಕೈಬಿಟ್ಟ. ಸದ್ಯ ಗೆದ್ದೆ ಎಂದು ಇವಳು ಉಸಿರು ಬಿಡುವಷ್ಟರಲ್ಲಿ, "ನಿಮ್ಮದರ ಬಗ್ಗೆ ಮುಂದಿನ ವಾರ ನೋಡೋಣ" ಎಂದು ಚೀಲ ಹೆಗಲಿಗೇರಿಸಿ ಹೊರಟಿದ್ದ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮನೆಯಲ್ಲಿ ಅಕ್ಕನ ಕಾಟ ಬೇರೆ. "ಜಗಳಕ್ಕೆ ಹೋಗೋರು ಯಾರಾದ್ರೂ ಇಷ್ಟು ಹೊತ್ತು ಕನ್ನಡಿ ಮುಂದೆ ನಿಲ್ತಾರೇನೇ?" ಎಂದಿದ್ದಳು ಬೆಳಿಗ್ಗೆ. ಇವಳು ದಡಕ್ಕನೆ ಬಾಗಿಲು ಎಳೆದುಕೊಂಡು ಬಂದಿದ್ದಳು.

"ಓದಲ್ಲ. ಏನು ಸರಿಯಿಲ್ಲ ಈ ಅಧ್ಯಾಯದಲ್ಲಿ, ಹೇಳಿ," ಎಂದಳು ಈಗ.

"ಸರಿಯಿಲ್ಲ ಅಂತಲ್ಲ. ಇನ್ನೂ ಸ್ವಲ್ಪ..."

"ಇದರಲ್ಲಿ ಏನಾಗುತ್ತೆ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕಿಟಕಿ ನೋಡಿದ, ಫ್ಯಾನ್ ನೋಡಿದ. ಕಿವಿಯ ತುದಿ ನಿಧಾನವಾಗಿ ಕೆಂಪಾಯಿತು.

"ಗಡಿಯಾರ... ಏನೋ ಬರುತ್ತೆ."

"ಇಷ್ಟು ಸಲ ಓದಿಸ್ಕೊಂಡು, ಗಡಿಯಾರ ಏನೋ ಬರುತ್ತಾ?"

"ನೀವು ಓದುವಾಗ ಕಥೆ ಕಿವಿಗೆ ಬೀಳಲ್ಲ," ಎಂದ ಮೇಜು ನೋಡುತ್ತಾ. "ನಿಮ್ಮ ದನಿ ಮಾತ್ರ ಕೇಳುತ್ತೆ. ಒಪ್ಪಿಬಿಟ್ಟರೆ ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ..."

ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಅಂಚೆ ಕಚೇರಿಯ ಆ ಹೆಂಗಸು ಜೀವ ತೇದು ಬರೆದದ್ದು ಇವನ ಪ್ರೀತಿಗಾಗಿ ರದ್ದಿಗೆ ಹೋಗಬೇಕೆ? ಇಂಥವನಿಗೆ ಮನಸೋತ ತನಗೆ ಏನು ಹೇಳಬೇಕು?

"ಹಿಡೀರಿ," ಎಂದು ಪುಸ್ತಕ ತಳ್ಳಿದಳು. "ಈ ಸಲ ನೀವು ಓದಿ. ಗಟ್ಟಿಯಾಗಿ."

ಅವನು ಓದಿದ. ರೈಲು ನಿಲ್ದಾಣದಲ್ಲಿ ಪ್ರಕಟಣೆ ಕೊಡುವವರೂ ಅದಕ್ಕಿಂತ ಭಾವ ತುಂಬಿ ಓದುತ್ತಾರೆ. ಅಲ್ಪವಿರಾಮಕ್ಕೆ ಮರ್ಯಾದೆ ಇಲ್ಲ, ಅಳುವ ಕಡೆ ಕೆಮ್ಮು. ಅವಳು ಹಣೆ ಹಿಡಿದು ಕುಳಿತಳು.

ಆ ಅಧ್ಯಾಯದಲ್ಲಿ, ಬಿಟ್ಟುಹೋದ ಗಂಡ ವರ್ಷಗಳ ಮೇಲೆ ಗಿರಾಕಿಯಂತೆ ಬರುತ್ತಾನೆ, ಹೆಂಡತಿಯ ರಿಪೇರಿ ಅಂಗಡಿಗೆ, ನಿಂತ ಗಡಿಯಾರ ಹಿಡಿದು. ಹೆಂಡತಿ ಮುಖ ಎತ್ತದೆ "ಮುಂದಿನ ವಾರ ಬನ್ನಿ" ಎನ್ನುತ್ತಾಳೆ. ಗಡಿಯಾರ ಅವತ್ತೇ ಸರಿಹೋಗಿರುತ್ತದೆ. ಆದರೂ ವಾರ ವಾರ ಅದೇ ಮಾತು, ಕೂದಲು ನೆರೆಯುವ ತನಕ.

ಆ ಸಾಲಿನ ಹತ್ತಿರ ವಿಮರ್ಶಕನ ದನಿ ತಾನಾಗಿಯೇ ನಿಂತುಹೋಯಿತು. ಪುಟವನ್ನೇ ನೋಡುತ್ತಿದ್ದ. ಕಣ್ಣುಗಳು ತುಂಬಿದ್ದವು. ಅವಳವೂ ತುಂಬಿದ್ದವು. ಇಷ್ಟು ಕೆಟ್ಟದಾಗಿ ಓದಿದರೂ ಅಳಿಸಿದ ಪುಸ್ತಕ ಎಷ್ಟು ಕಾಲವಾದರೂ ಬದುಕೀತು ಎಂದು ಅವಳಿಗೆ ಖಾತ್ರಿಯಾಯಿತು.

"ನಾನೆಂಥ ಪೆದ್ದ," ಎಂದ.

"ಅದರಲ್ಲಿ ಇಬ್ಬರದೂ ಒಮ್ಮತ."

ಒಪ್ಪಿಗೆ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಅವಳು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅವನು ಚೀಲ ತೆಗೆದುಕೊಂಡು ಬಾಗಿಲ ತನಕ ಹೋಗಿ ನಿಂತ.

"ಕೆಲಸ ಮುಗೀತು. ಇನ್ನು..." ಎಂದವನು ಧೈರ್ಯ ಮಾಡಿ ಕೇಳಿದ, "ಮುಂದಿನ ವಾರ ಬರಲಾ?"

ಈ ಮನುಷ್ಯನ ಜೊತೆ ಏಗುವುದು ಹೇಗೋ, ಎಂದುಕೊಂಡಳು. ಗಡಿಯಾರದ ಅಂಗಡಿಯ ಹೆಂಗಸಿನಷ್ಟು ತಾಳ್ಮೆ ತನಗೆ ಯಾವತ್ತೂ ಇರಲಿಲ್ಲ.

"ಬೇಡ," ಎಂದಳು. "ನಾಳೆ ಬನ್ನಿ."