ಹದಿನೆಂಟು ಡಿಗ್ರಿ

ಬಾಗಿಲು ತೆಗೆದಾಗ ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಲಿಲ್ಲ. ಅವಳಿಗೆ ಮೊದಲು ಗೊತ್ತಾದದ್ದು ಅಷ್ಟೇ.

ಕೋಲ್ಡ್ ರೂಮಿನ ಥರ್ಮಾಮೀಟರು ಹದಿನೆಂಟು ತೋರಿಸುತ್ತಿತ್ತು. ಆರು ವರ್ಷದಿಂದ ಅದು ನಾಲ್ಕು ಬಿಟ್ಟು ಕದಲಿರಲಿಲ್ಲ. ತಂಪು ಮಾಡುವ ಮೆಷಿನ್ನಿನ ಸ್ವಿಚ್ಚು ಆಫ್, ಅಲಾರಮ್ಮಿನದೂ ಆಫ್. ಕಪಾಟಿನಲ್ಲಿ ನಲವತ್ತೆರಡು ಗಾಜಿನ ಫ್ಲಾಸ್ಕುಗಳು. ಅವುಗಳೊಳಗೆ, ಧ್ರುವದ ಮಂಜುಗಟ್ಟಿದ ಕೆರೆಯೊಂದರ ತಳದಿಂದ ಅವಳ ಪ್ರೊಫೆಸರು ಕೆರೆದು ತಂದಿದ್ದ, ಪಾಚಿಯಂತೆ ಹಸಿರಾಗಿ ಬೆಳೆಯುವ ಸಯನೋಬ್ಯಾಕ್ಟೀರಿಯಾ. ಪ್ರೊಫೆಸರು ಈಗಿಲ್ಲ. ಅವರ ಕೈಬರಹದ ಚೀಟಿ ಮಾತ್ರ ಕಪಾಟಿಗೆ ಅಂಟಿಕೊಂಡಿತ್ತು: ‘ಇವು ಶೀತಪ್ರಿಯ. ಹೊರಗೆ ತೆಗೆಯಬಾರದು.’

ಅವಳು ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

“ಹಲೋ ಪಾಚಿ ಮೇಡಂ! ಅಕ್ಕನ ಮನೆಯಿಂದ ಬಂದ್ರಾ?”

“ಪಾಚಿ ಅಲ್ಲ, ಬ್ಯಾಕ್ಟೀರಿಯಾ. ಹೋದ ಮಂಗಳವಾರ ಮೆಷಿನ್ ಆನ್ ಮಾಡಿ ಹೋದ್ರಾ?”

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು.

“ಅಯ್ಯೋ,” ಅಂದ. “ಬಂದೆ, ಇರಿ.”

“ಬಂದು ಏನು ಮಾಡ್ತೀರಿ? ಹೆಣ ಎಣಿಸ್ತೀರಾ?”

ಪ್ರತಿ ಮಂಗಳವಾರ ಅವನು ಮೆಷಿನ್ ನೋಡಲು ಬರುತ್ತಿದ್ದ. ಹೋದ ಮಂಗಳವಾರ ಆದದ್ದು ಇಷ್ಟು. ಕೊಳವೆಗಳ ಮೇಲೆ ಕಟ್ಟಿದ್ದ ಮಂಜು ಕರಗಲೆಂದು ಅವನು ಮೆಷಿನ್ನನ್ನೂ ಜೊತೆಗೆ ಅಲಾರಮ್ಮನ್ನೂ ನಿಲ್ಲಿಸಿದ್ದ. ಅರ್ಧ ಗಂಟೆ ಕಾಯಬೇಕಿತ್ತು. ಸುಮ್ಮನೆ ನಿಂತಿದ್ದವನನ್ನು ಅವಳೇ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ್ದಳು. ಕೂದಲೆಳೆಗಿಂತ ತೆಳುವಾದ ಹಸಿರು ದಾರಗಳು ಒಂದರ ಪಕ್ಕ ಒಂದು ಜಾರುತ್ತಿದ್ದವು.

“ಇವು ಎಲ್ಲಿಗೋ ಹೊರಟಿವೆ!”

“ಬೆಳಕಿನ ಕಡೆಗೆ.”

“ಅರ್ಜೆಂಟೇನೂ ಇದ್ದ ಹಾಗಿಲ್ಲ.”

ಅವಳು ನಕ್ಕಳು. ಅವನು ಮುಖ ಎತ್ತಿದಾಗ ಬಲಗಣ್ಣಿನ ಸುತ್ತ ಮೈಕ್ರೋಸ್ಕೋಪಿನ ಗುಂಡನೆಯ ಗುರುತು ಬಿದ್ದಿತ್ತು. ಆ ಗುರುತನ್ನು ಅವಳು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದಳು. ನೋಡುತ್ತಿರುವುದನ್ನು ಅವನು ನೋಡಿದ. ಆಮೇಲೆ ಅವಳಿಗೆ ಬಸ್ಸಿನ ಹೊತ್ತಾಯಿತು. ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಅವನೂ ಹೊರಟ. ಸ್ವಿಚ್ಚಿನ ನೆನಪು ಇಬ್ಬರಿಗೂ ಬರಲಿಲ್ಲ. ಅವಳು ಅಕ್ಕನ ಮನೆಯಲ್ಲಿ ಆರು ದಿನ ಇದ್ದು ಬಂದಳು.

ಇಪ್ಪತ್ತು ನಿಮಿಷದಲ್ಲಿ ಅವನು ಬಂದ. ಅಂಗಿಯ ಗುಂಡಿ ಒಂದು ತೂತು ತಪ್ಪಿ ಮೇಲಿನಿಂದ ಕೆಳಗಿನವರೆಗೂ ಎಡವಟ್ಟಾಗಿತ್ತು.

“ತಪ್ಪು ನಂದೇ,” ಅಂದ.

“ಆರು ವರ್ಷ ರೀ!”

ಅವನು ಸ್ವಿಚ್ಚಿಗೆ ಕೈ ಹಾಕಿದ. ಅವಳು ಮೊದಲನೆಯ ಫ್ಲಾಸ್ಕನ್ನು ಚೆಲ್ಲಲೆಂದು ಎತ್ತಿಕೊಂಡಳು. ಎತ್ತಿದವಳು ಹಾಗೇ ನಿಂತಳು.

“ಇರಿ. ಸ್ವಿಚ್ಚು ಮುಟ್ಟಬೇಡಿ.”

ನಾಲ್ಕು ಡಿಗ್ರಿಯಲ್ಲಿ ಉಗುರಿನಷ್ಟು ಹಸಿರು ಕಾಣಲು ಎರಡು ತಿಂಗಳು ಬೇಕಿತ್ತು. ಈಗ ಫ್ಲಾಸ್ಕಿನ ತಳವೆಲ್ಲ ಹಸಿರು. ಅಂಚು ಹಿಡಿದು ಗಾಜಿನ ಮೇಲಕ್ಕೂ ಹತ್ತಿತ್ತು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲೂ.

“ಸತ್ತ ಮೇಲೆ ಹೀಗಾಗುತ್ತಾ ಮೇಡಂ?”

“ಸತ್ತಿಲ್ಲ. ಬೆಳೆದಿವೆ.”

ಧ್ರುವದ ಸಯನೋಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಚಳಿಯನ್ನು ಸಹಿಸುತ್ತವೆಯೇ ಹೊರತು ಬಯಸುವುದಿಲ್ಲ ಎಂದು ಅವಳೂ ಓದಿದ್ದಳು. ತಾವು ತಂದದ್ದು ಆ ಜಾತಿಯದಲ್ಲ ಎನ್ನುವುದು ಪ್ರೊಫೆಸರ ನಂಬಿಕೆ. ಒಮ್ಮೆ ಅವಳು ಒಂದು ಫ್ಲಾಸ್ಕನ್ನು ನಾಲ್ಕರಿಂದ ನೇರವಾಗಿ ಕಿಟಕಿಯ ಬಿಸಿಲಿಗೆ ತಂದಿಟ್ಟಿದ್ದಳು. ಎರಡು ದಿನದಲ್ಲಿ ಬಿಳಿಚಿ ಸತ್ತಿತು. ನಂಬಲು ಅಷ್ಟು ಸಾಕಾಗಿತ್ತು. ಈಗ ಮಂದ ಬೆಳಕಿನಲ್ಲಿ, ಮುಚ್ಚಿದ ಕೋಣೆಯಲ್ಲಿ, ದಿನಕ್ಕೆ ಎರಡೋ ಮೂರೋ ಡಿಗ್ರಿಯಂತೆ ಬಿಸಿ ಏರಿತ್ತು. ಅಂದರೆ ಅವತ್ತು ಕೊಂದದ್ದು ಬಿಸಿಯಲ್ಲ, ಆತುರ.

ಇದನ್ನು ಅವಳು ಅವನಿಗೆ ಹೇಳಿದಳು. ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

“ಅಂದ್ರೆ ಚಳಿ ಅಂದ್ರೆ ಇವಕ್ಕೆ ಇಷ್ಟ ಅಂತಲ್ಲ,” ಅಂದ ಅವನು. “ತಡ್ಕೊಂಡಿದ್ವು ಅಷ್ಟೇ. ಪಾಪ, ಯಾರೂ ಕೇಳಿರ್ಲಿಲ್ಲ.”

ಅವಳು ತಲೆ ಎತ್ತಿದಳು. ಅವನು ನೋಡುತ್ತಿದ್ದದ್ದು ಫ್ಲಾಸ್ಕನ್ನಲ್ಲ.

“ಗುಂಡಿ ಸರಿಯಾಗಿ ಹಾಕ್ಕೊಳ್ಳಿ,” ಅಂದಳು.

ಅವನು ಮೆಷಿನ್ನನ್ನು ಹದಿನೆಂಟಕ್ಕೆ ಹೊಂದಿಸಿಕೊಟ್ಟ. ಮೂರು ವಾರ ಅವಳು ಅಳೆದಳು. ಬೆಳವಣಿಗೆಯ ಗೆರೆ ಅನುಮಾನಕ್ಕೆ ಎಡೆಯಿಲ್ಲದಂತೆ ಮೇಲೇರಿತು. ಇನ್ನು ವರದಿ ಬರೆಯಬೇಕು. ಬರೆದರೆ ಕೋಲ್ಡ್ ರೂಮು ಬೇಕಾಗಿಲ್ಲ. ಹದಿನೆಂಟು ಡಿಗ್ರಿಗೆ ಅವಳ ಮೇಜಿನ ಪಕ್ಕದ, ಒಂದೇ ಹದದ ಬಿಸಿ ಕಾಯುವ ಸಣ್ಣ ಪೆಟ್ಟಿಗೆಯೇ ಸಾಕು. ವಿಭಾಗದ ಮುಖ್ಯಸ್ಥರಂತೂ ಆ ಕೋಣೆ ಯಾವಾಗ ಖಾಲಿಯಾದೀತೆಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಕೋಣೆ ಇಲ್ಲದಿದ್ದರೆ ಮೆಷಿನ್ ಇಲ್ಲ. ಮೆಷಿನ್ ಇಲ್ಲದಿದ್ದರೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಟೂಲ್ ಬಾಕ್ಸನ್ನು ಬಾಗಿಲಿಗೆ ತಾಗಿಸದೆ ಒಳಗೆ ತರಲು ಬಾರದ ಆ ಮನುಷ್ಯ ಬರುವುದಿಲ್ಲ.

ಅವಳು ಮೊದಲ ಸಾಲು ಬರೆದು ನಾಲ್ಕು ದಿನ ಬಿಟ್ಟಳು.

ಐದನೆಯ ದಿನ ಅಕ್ಕನ ಫೋನು.

“ಒಬ್ಬಳೇ ಇದ್ದೀಯೇನೇ?”

“ಹೂಂ.”

“ನಿಂಗೆ ಅದೇ ಇಷ್ಟ ಬಿಡು.”

“ಯಾರು ಹೇಳಿದ್ದು?”

“ನೀನೇ ಅಲ್ವೇನೇ, ಯಾವಾಗ್ಲೂ ಹೇಳೋದು?”

“ನಾನು ಹೇಳಿಲ್ಲ. ನೀನು ಹೇಳ್ತಿದ್ದೆ. ನಾನು ಹೂಂ ಅಂತಿದ್ದೆ.”

ಅಕ್ಕ ಆ ಕಡೆ ಟೀವಿ ಆರಿಸಿದಳು.

“ಯಾರೇ ಅವನು?” ಅಂದಳು.

ಅವಳು ಫೋನ್ ಇಟ್ಟು, ವರದಿಯನ್ನು ಮುಗಿಸಿ ಸಹಿ ಹಾಕಿದಳು. ಸುಳ್ಳು ಬರೆದು ಉಳಿಸಿಕೊಂಡ ಮಂಗಳವಾರಗಳಲ್ಲಿ ಅವನ ಮುಖ ನೋಡಲು ತನ್ನಿಂದಾಗದು ಎಂದು ಅವಳಿಗೆ ಅನಿಸಿತ್ತು. ಆಮೇಲೆ ಸರ್ವಿಸ್ ಕಂಪನಿಗೆ ಫೋನ್ ಮಾಡಿದಳು. ಆಫೀಸಿನ ಹುಡುಗಿ ಎತ್ತಿಕೊಂಡಳು.

“ಇನ್ನು ಮಂಗಳವಾರದ ವಿಸಿಟ್ ಬೇಡ.”

“ಯಾವ ಮಂಗಳವಾರ ಮೇಡಂ? ನಿಮ್ಮದು ಮೂರು ತಿಂಗಳಿಗೊಂದು ವಿಸಿಟ್. ಅದೂ ಅಲ್ದೆ ಮಂಗಳವಾರ ಅವರಿಗೆ ವಾರದ ರಜೆ.”

ಅವಳು ಎದ್ದು ಕೋಲ್ಡ್ ರೂಮಿನ ಬಾಗಿಲಿಗೆ ತೂಗುಹಾಕಿದ್ದ ಸರ್ವಿಸ್ ಕಾರ್ಡು ನೋಡಿದಳು. ಎರಡು ವರ್ಷದ ಮಂಗಳವಾರಗಳು, ಪ್ರತಿಯೊಂದರ ಮುಂದೆ ಅವನ ವಕ್ರ ಸಹಿ. ‘ಮೆಷಿನ್ ಹಳೇದು ಮೇಡಂ, ವಾರ ವಾರ ನೋಡ್ಬೇಕು’ ಎಂದು ಅವನು ಹೇಳಿದ್ದು ನೆನಪಾಯಿತು. ಮೆಷಿನ್ ಅಷ್ಟೇನೂ ಹಳೆಯದಲ್ಲ.

ಮುಂದಿನ ಮಂಗಳವಾರ ಹತ್ತಕ್ಕೆ ಟೂಲ್ ಬಾಕ್ಸು ಬಾಗಿಲಿಗೆ ತಾಗಿದ ಸದ್ದಾಯಿತು. ಕಪಾಟು ಆಗಲೇ ಖಾಲಿಯಾಗಿತ್ತು.

“ಇನ್ನು ಸರ್ವಿಸ್ ಬೇಡ ಅಂತ ನಿಮ್ಮ ಆಫೀಸಿಗೆ ಹೇಳಿದೆ,” ಅಂದಳು.

“ಹೌದಾ.” ಅವನು ಒಂದು ಸ್ಪ್ಯಾನರ್ ತೆಗೆದು ಒರೆಸತೊಡಗಿದ. ಅದು ಚೊಕ್ಕಟವಾಗಿಯೇ ಇತ್ತು.

“ಅವರು ಇನ್ನೊಂದು ಮಾತೂ ಹೇಳಿದ್ರು.”

ಅವನ ಕಿವಿ ಕೆಂಪಾಯಿತು. “ಆ ಹುಡುಗಿ ಬಾಯಲ್ಲಿ ಒಂದೂ ನಿಲ್ಲಲ್ಲ.”

“ರಜೆ ದಿನ ಬಂದು ಎರಡು ವರ್ಷ ಏನು ರಿಪೇರಿ ಮಾಡಿದ್ರಿ?”

“ಏನೂ ಇಲ್ಲ. ಕೆಟ್ಟಿದ್ರೆ ತಾನೇ?” ಅವನು ಸ್ಪ್ಯಾನರಿಗೇ ಹೇಳಿದ. “ನೀವು ದಪ್ಪ ಸ್ವೆಟರ್ ಹಾಕ್ಕೊಂಡು ಹತ್ತು ನಿಮಿಷಕ್ಕೊಂದ್ಸಲ ಒಳಗೆ ಬರ್ತಿದ್ರಿ. ನೋಡ್ತಿದ್ದೆ.”

“ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ?”

“ನಿಮಗೆ ಒಬ್ರೇ ಇರೋದೇ ಇಷ್ಟ ಅಂದ್ಕೊಂಡಿದ್ದೆ.”

“ಎಲ್ಲರೂ ಹಾಗೇ ಅಂದ್ಕೊಂಡಿದ್ದಾರೆ,” ಅಂದಳು. “ಯಾರೂ ಕೇಳಿರ್ಲಿಲ್ಲ.”

ಅವನು ತಲೆ ಎತ್ತಿದ. ಗುಂಡಿಗಳು ಇವತ್ತು ಸರಿಯಾಗಿದ್ದವು.

“ಈಗ ಕೇಳ್ಲಾ?”

“ಕೇಳಿ. ಆದ್ರೆ ಮೆಲ್ಲಗೆ. ಒಂದೇ ಸಲಕ್ಕೆ ಎಲ್ಲಾ ಬೇಡ.”

ಅವನು ಯೋಚಿಸಿದ. “ಸ್ವೆಟರ್ ಸೆಕೆ ಆಗ್ತಿಲ್ವಾ?”

ಆಗುತ್ತಿತ್ತು. ಅವಳು ಅದನ್ನು ಬಿಚ್ಚಿ ಕಪಾಟಿನ ಮೇಲೆ, ಹಳೆಯ ಚೀಟಿಯ ಪಕ್ಕ ಇಟ್ಟಳು. ಅವನು ಸ್ವಿಚ್ಚು ಒತ್ತಿದ. ಮೆಷಿನ್ನಿನ ಗುಂಯ್ ಸದ್ದು ನಿಂತಿತು. ಅಂಥದ್ದೊಂದು ಸದ್ದು ಇಷ್ಟು ವರ್ಷ ಇತ್ತೆಂಬುದು ಅವಳಿಗೆ ತಿಳಿದದ್ದು ಆಗಲೇ.

ಅವನು ಟೂಲ್ ಬಾಕ್ಸು ಎತ್ತಿಕೊಂಡು ಬಾಗಿಲ ಬಳಿ ನಿಂತ.

“ಮುಂದಿನ ಮಂಗಳವಾರ?”

“ಬನ್ನಿ,” ಅಂದಳು. “ಆ ಡಬ್ಬ ಮನೇಲಿಟ್ಟು, ಕೈಬೀಸಿಕೊಂಡು ಬನ್ನಿ.”